ಎಲ್ಲರ ಡಿಎನ್‌ಎ ಸರ್ಕಾರದ ಬಳಿ ಇರಬೇಕಾ? ಮೊದಲು ಮಾದರಿ ಯಾವುದು, ಪ್ರೊಫೈಲ್ ಯಾವುದು ನೋಡೋಣ

ಈ ವಿಷಯ ಓದಲು ಕೂತಾಗ ನಾನು ಶುರುವಿನಲ್ಲೇ ಎಡವಿದೆ. ಡಿಎನ್‌ಎ ಡೇಟಾಬೇಸ್ ಅಂದರೆ ಪ್ರತಿಯೊಬ್ಬರ ಇಡೀ ಡಿಎನ್‌ಎ ಓದಿ ಕಂಪ್ಯೂಟರಿಗೆ ತುಂಬುವುದು ಅಂದುಕೊಂಡಿದ್ದೆ. ಹಾಗಲ್ಲ. ಪೊಲೀಸರ ಡೇಟಾಬೇಸಿನಲ್ಲಿ ಹುಡುಕುವುದು ಬರೀ ಅಂಕಿಗಳನ್ನು.

ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದೇ ಚಿಕ್ಕ ತುಣುಕು ಮತ್ತೆ ಮತ್ತೆ ಬರುತ್ತದೆ. ಜಿಎಟಿಎ, ಜಿಎಟಿಎ, ಜಿಎಟಿಎ, ಹೀಗೆ (ಜಿ, ಎ, ಟಿ ಅಂದರೆ ಡಿಎನ್‌ಎಯ ಅಕ್ಷರಗಳು). ಎಷ್ಟು ಸಲ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಅಮ್ಮನಿಂದ ಬಂದ ಪ್ರತಿಯಲ್ಲಿ 8 ಸಲ, ಅಪ್ಪನಿಂದ ಬಂದದ್ದರಲ್ಲಿ 11 ಸಲ ಇದ್ದರೆ ಆ ಜಾಗದಲ್ಲಿ ನಿಮ್ಮ ಗುರುತು ‘8, 11’. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನಡೆಸುವ ಡಿಎನ್‌ಎ ಡೇಟಾಬೇಸ್ ‘ಕೋಡಿಸ್’ ಮೊದಲು ಇಂಥ 13 ಜಾಗ ನೋಡುತ್ತಿತ್ತು, 2017ರಿಂದ 20. ಜಾಗಕ್ಕೆ ಎರಡರಂತೆ ಒಬ್ಬ ಮನುಷ್ಯನಿಗೆ 40 ಅಂಕಿ. ಇದು ಪ್ರೊಫೈಲ್. ನಿಮ್ಮ ಕಾಯಿಲೆಗಳ ಬಗ್ಗೆ ಇದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಆದರೆ ಯಾರು ಯಾರ ಮಗು ಅನ್ನುವುದು ಗೊತ್ತಾಗಿಬಿಡುತ್ತದೆ.

ಮಾದರಿ ಅಂದರೆ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ತೆಗೆದದ್ದು. ಅದನ್ನು ಫ್ರೀಜರಿನಲ್ಲಿಟ್ಟರೆ ಇಡೀ ಡಿಎನ್‌ಎಯನ್ನೇ ಇಟ್ಟ ಹಾಗೆ. ಇವತ್ತು ಓದಲು ಬಾರದ್ದನ್ನು ಇನ್ನು ಇಪ್ಪತ್ತು ವರ್ಷಕ್ಕೆ ಯಾರಾದರೂ ಓದಬಹುದು. ಹಾಗಾಗಿ ಪರ-ವಿರೋಧ ಯಾರೇ ಮಾತಾಡಲಿ, ‘ಯಾವುದನ್ನು ಇಟ್ಟುಕೊಳ್ಳುತ್ತೀರಿ?’ ಅಂತ ಮೊದಲು ಕೇಳಿ.

ಈಗ ಪರವಾದ ವಾದ. ಅಲೆಕ್ ಜೆಫ್ರೀಸ್ 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದರು. ಅಲ್ಲೇ ಹತ್ತಿರದ ಹಳ್ಳಿಗಳಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. 17 ವರ್ಷದ ಹುಡುಗನೊಬ್ಬ ಎರಡನೆಯದನ್ನು ಒಪ್ಪಿಕೊಂಡಿದ್ದ. ಡಿಎನ್‌ಎ ನೋಡಿದರೆ ಎರಡೂ ಕೊಲೆ ಒಬ್ಬನದೇ, ಆದರೆ ಅವನು ಈ ಹುಡುಗ ಅಲ್ಲ! ಗಮನಿಸಿ, ಕೊಲೆ ತನಿಖೆಯಲ್ಲಿ ಈ ವಿದ್ಯೆ ಮೊದಲು ಮಾಡಿದ ಕೆಲಸ ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು. ಆಮೇಲೆ ಸುತ್ತಲಿನ ಸುಮಾರು 5,000 ಗಂಡಸರಿಂದ ರಕ್ತ, ಎಂಜಲು ತೆಗೆದುಕೊಂಡರು. ಕೊಲೆಗಾರ ತನ್ನ ಬದಲು ಜೊತೆಗೆ ಕೆಲಸ ಮಾಡುವವನನ್ನು ಕಳಿಸಿದ. ಆ ಪುಣ್ಯಾತ್ಮ ಪಬ್ಬಿನಲ್ಲಿ ಬಾಯಿಬಿಟ್ಟ, ಕಥೆ ಮುಗಿಯಿತು. ಹುಟ್ಟಿದಾಗಲೇ ಎಲ್ಲರ ಪ್ರೊಫೈಲ್ ಇದ್ದಿದ್ದರೆ ಮೊದಲ ಕೊಲೆಗೇ ಸಿಕ್ಕಿಬೀಳುತ್ತಿದ್ದ ಅನ್ನುವುದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಇನ್ನೊಂದು ಸಮಾನತೆಯ ವಾದ. ಬ್ರಿಟನ್‌ನ ನ್ಯಾಯಾಧೀಶ ಸ್ಟೀಫನ್ ಸೆಡ್ಲಿ 2007ರಲ್ಲಿ ಇದನ್ನು ಎತ್ತಿದರು. ಪೊಲೀಸರು ಯಾವ ಸಮುದಾಯದವರನ್ನು ಜಾಸ್ತಿ ಹಿಡಿಯುತ್ತಾರೋ ಅವರೇ ಪಟ್ಟಿಯಲ್ಲೂ ಜಾಸ್ತಿ ಇರುತ್ತಾರೆ. ಹಾಗಿದ್ದರೆ ಎಲ್ಲರನ್ನೂ ಸೇರಿಸಿಬಿಡಿ ಅಂದರು. ನನಗೆ ಪರವಾದ ವಾದಗಳಲ್ಲಿ ಇದೇ ಗಟ್ಟಿ ಅನಿಸಿತು.

ಆದರೂ ನಾನು ವಿರೋಧದ ಕಡೆಗೇ ವಾಲುತ್ತೇನೆ. ಯಾಕೆ ಅಂತ ಒಂದು ಲೆಕ್ಕ ಮಾಡೋಣ. ಅಪರಾಧದ ಜಾಗದಲ್ಲಿ ಸಿಗುವ ಡಿಎನ್‌ಎ ಎಷ್ಟೋ ಸಲ ಹಳತು, ಹಾಳಾದದ್ದು, ಇಬ್ಬರು ಮೂವರದು ಬೆರೆತದ್ದು. 20 ಜಾಗವೂ ಓದಲು ಸಿಗುವುದಿಲ್ಲ. ಸಿಕ್ಕಷ್ಟು ಅಂಕಿಗಳು 10 ಲಕ್ಷದಲ್ಲಿ ಒಬ್ಬರಿಗೆ ಹೊಂದುತ್ತವೆ ಅಂತಿಟ್ಟುಕೊಳ್ಳಿ. ಕೋರ್ಟಿನಲ್ಲಿ ಇದನ್ನು ಕೇಳಿದವರು ‘ಹಾಗಾದರೆ ಇವನೇ’ ಅಂದುಬಿಡುತ್ತಾರೆ. ಆದರೆ ಪಟ್ಟಿಯಲ್ಲಿ 6 ಕೋಟಿ ಜನ ಇದ್ದರೆ ಏನೂ ಮಾಡದ ಸುಮಾರು 60 ಜನ ಹೊಂದುತ್ತಾರೆ, ಅಲ್ವಾ? ಬೇರೆ ಸಾಕ್ಷಿ ಇಲ್ಲದಿದ್ದರೆ ಅವರಲ್ಲಿ ಯಾರನ್ನು ಎತ್ತಿಕೊಂಡರೂ ಅವನೇ ಅಪರಾಧಿ ಆಗಿರುವ ಸಾಧ್ಯತೆ 61ರಲ್ಲಿ ಒಂದು. ಪಟ್ಟಿ ದೊಡ್ಡದಾದಷ್ಟೂ ಈ ಗೊಂದಲ ಬೆಳೆಯುತ್ತದೆ. 20 ಜಾಗವೂ ಪೂರ್ತಿ ಹೊಂದಿದರೆ ಈ ತಾಪತ್ರಯ ಹೆಚ್ಚುಕಡಿಮೆ ಇಲ್ಲ. ತದ್ರೂಪಿ ಅವಳಿಗಳನ್ನು ಬಿಟ್ಟು!

ಪೂರ್ತಿ ಹೊಂದಿದರೂ ಅದು ಹೇಳುವುದು ‘ಇದು ಇವರ ಡಿಎನ್‌ಎ’ ಅಂತ ಮಾತ್ರ, ಹೇಗೆ ಬಂತು ಅಂತಲ್ಲ. 2007ರಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಒಬ್ಬ ಮಹಿಳಾ ಪೊಲೀಸ್ ಕೊಲೆಯಾದರು. ಅಲ್ಲಿ ಸಿಕ್ಕ ಹೆಂಗಸೊಬ್ಬಳ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಸೇರಿ ಸುಮಾರು 40 ಕಡೆ ಕಾಣಿಸಿಕೊಂಡಿತು. ಸುಳಿವು ಕೊಟ್ಟವರಿಗೆ 3 ಲಕ್ಷ ಯೂರೋ ಬಹುಮಾನ. 2009ರಲ್ಲಿ ಗೊತ್ತಾಗಿದ್ದು ಏನು? ಆ ಡಿಎನ್‌ಎ ಹತ್ತಿಕಡ್ಡಿ ತಯಾರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿನದು. ಕಡ್ಡಿಗಳನ್ನು ಸ್ಟೆರೈಲ್ ಮಾಡಿದ್ದರು, ಸರಿ. ಅದರಿಂದ ಸಾಯುವುದು ಕೀಟಾಣು, ಡಿಎನ್‌ಎ ಹಾಗೇ ಉಳಿಯುತ್ತದೆ. ಎಲ್ಲರ ಪಟ್ಟಿ ಇದ್ದಿದ್ದರೆ? ತಪ್ಪು ಬೇಗ ಬಯಲಾಗುತ್ತಿತ್ತೋ ಏನೋ. ಅದಕ್ಕೂ ಮೊದಲು ಪೊಲೀಸರು ಆಕೆಯ ಬಾಗಿಲು ಬಡಿಯುತ್ತಿದ್ದರು, ಅದು ಗ್ಯಾರಂಟಿ.

ಕಾನೂನಿನ ಕಡೆ ಎರಡೇ ಮಾತು. ಶಿಕ್ಷೆಯಾಗದವರ ಡಿಎನ್‌ಎಯನ್ನು ಕೊನೆಯೇ ಇಲ್ಲದೆ ಇಟ್ಟುಕೊಳ್ಳುವುದು ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರಲ್ಲಿ ಬ್ರಿಟನ್ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿನ 2012ರ ಕಾನೂನು ಪ್ರೊಫೈಲ್ ತೆಗೆದ ಮೇಲೆ, ಹೆಚ್ಚೆಂದರೆ 6 ತಿಂಗಳಲ್ಲಿ, ಮಾದರಿಯನ್ನು ನಾಶ ಮಾಡಬೇಕು ಅನ್ನುತ್ತದೆ. ಮೇಲೆ ಹೇಳಿದ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಎಲ್ಲರ ಡಿಎನ್‌ಎ ಕಡ್ಡಾಯ ಅಂತ ಕಾನೂನು ಮಾಡಿದ್ದು ಕುವೈತ್. 2015ರ ಜೂನ್‌ನಲ್ಲಿ ಅಲ್ಲಿನ ಮಸೀದಿಯಲ್ಲಿ ಬಾಂಬ್ ಸ್ಫೋಟವಾಗಿ ಕೆಲವೇ ದಿನಕ್ಕೆ ಅದು ಪಾಸಾಯಿತು. ಬಾಂಬ್ ಹಾಕಿದವನು ಕುವೈತಿನವನಲ್ಲ, ಸೌದಿಯವನು. ಅವತ್ತೇ ವಿಮಾನದಲ್ಲಿ ಬಂದಿಳಿದಿದ್ದ. ಪ್ರಜೆಗಳ ಪಟ್ಟಿಯಲ್ಲಿ ಅವನು ಸಿಗುವ ಮಾತೇ ಇರಲಿಲ್ಲ. ಕಾನೂನು ಹೊರಗಿನಿಂದ ಬರುವವರನ್ನೂ ಒಳಗೆ ಎಳೆದುಕೊಂಡಿತ್ತು. 2017ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು.