ಬಾಗಿಲಿಗೆ ಬೀಗ ಬಿದ್ದ ಕೂಡಲೇ ನಾಯಿ ಯಾಕೆ ಬೊಗಳುತ್ತದೆ?

ಪ್ರಶ್ನೆ: ನಾವಿಬ್ಬರೂ ಬೆಳಗ್ಗೆ 9ಕ್ಕೆ ಕೆಲಸಕ್ಕೆ ಹೊರಡುತ್ತೇವೆ. ಆಮೇಲೆ ನಮ್ಮ ನಾಯಿ ಒಂದೇ ಸಮ ಬೊಗಳುತ್ತದೆ ಎಂದು ಎದುರು ಫ್ಲ್ಯಾಟಿನವರ ದೂರು. ನಾವಿದ್ದಾಗ ಸದ್ದೇ ಇರುವುದಿಲ್ಲ. ಬಿಟ್ಟು ಹೋದೆವೆಂದು ನಮ್ಮ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದೆಯಾ?

ಉತ್ತರ: ಸಿಟ್ಟಲ್ಲ. ಹೆಚ್ಚಿನ ಸಲ ಅದು ಗಾಬರಿ, ಇಲ್ಲವೇ ಬೇಜಾರು, ಅದೂ ಅಲ್ಲದಿದ್ದರೆ ಕಾವಲು. ಯಾವುದು ಅಂತ ಗೊತ್ತಾಗದೆ ಮದ್ದು ಮಾಡೋಕೆ ಹೋದರೆ ಸುಮ್ನೆ ದುಡ್ಡು ದಂಡ.

ಮನೆಯಲ್ಲಿ ಹಳೆಯ ಫೋನ್ ಇದ್ದರೆ ಬಾಗಿಲು ಕಾಣುವಂತೆ ಶೆಲ್ಫ್ ಮೇಲಿಟ್ಟು, ವಿಡಿಯೊ ಆನ್ ಮಾಡಿ ಹೊರಡಿ. ಮೊದಲ ಅರ್ಧ ಗಂಟೆ ಚೆನ್ನಾಗಿ ನೋಡಿ. ನೀವು ಹೋದ ಕೆಲವೇ ನಿಮಿಷಕ್ಕೆ ಶುರುವಾಗಿ, ಬಾಗಿಲು ಕೆರೆಯುತ್ತಾ, ಜೊಲ್ಲು ಸುರಿಸುತ್ತಾ, ಅತ್ತಿತ್ತ ಓಡಾಡುತ್ತಾ, ನಡುನಡುವೆ ಊಳಿಟ್ಟರೆ ಅದು ಒಂಟಿತನದ ಗಾಬರಿ. ಇಷ್ಟದ ಬಿಸ್ಕತ್ತು ಎದುರಿಗಿದ್ದರೂ ಮೂಸುವುದಿಲ್ಲ. ಲಿಫ್ಟ್ ಸದ್ದಿಗೆ, ಡೆಲಿವರಿ ಹುಡುಗನ ಬೆಲ್ಲಿಗೆ ಬೊಗಳಿ ಮತ್ತೆ ಮಲಗಿದರೆ ಅದು ಕಾವಲು. ಒಂದಷ್ಟು ಹೊತ್ತು ನಿದ್ದೆ ಮಾಡಿ ಎದ್ದು, ದಿಂಬು ಎಳೆದಾಡಿ, ಒಂದೇ ರಾಗದಲ್ಲಿ ಬೊಗಳುತ್ತಿದ್ದರೆ ಬೇಜಾರು.

ಕಾವಲಿಗೆ ಕಿಟಕಿಯ ಪರದೆ ಎಳೆದು, ಬಾಗಿಲಿನಿಂದ ದೂರದ ಕೋಣೆಯಲ್ಲಿ ಹಾಸಿಗೆ ಹಾಕಿ, ರೇಡಿಯೊ ಹಚ್ಚಿಟ್ಟರೆ ಎಷ್ಟೋ ಕಮ್ಮಿಯಾಗುತ್ತದೆ. ಬೇಜಾರಿಗೆ ಬೆಳಗಿನ ವಾಕಿಂಗ್ ಉದ್ದ ಮಾಡಿ. ವಾಕಿಂಗ್ ಅಂದರೆ ದರದರ ಎಳೆದುಕೊಂಡು ಹೋಗುವುದಲ್ಲ, ನಿಂತು ಮೂಸಲು ಬಿಡಬೇಕು.

ಕಷ್ಟದ್ದು ಗಾಬರಿಯೇ. ನಮ್ಮ ನಾಯಿ ಕರಿಯ, ಬೀಗದ ಕೈ ಸದ್ದಿಗೆ ಕಾಯುತ್ತಲೇ ಇರಲಿಲ್ಲ. ನಾನು ಸಾಕ್ಸ್ ಕೈಗೆತ್ತಿಕೊಂಡರೆ ಸಾಕು, ಏದುಸಿರು ಶುರು. ಹಾಗಾಗಿ ಭಾನುವಾರ ಸಾಕ್ಸ್ ಹಾಕಿಕೊಂಡು ಸೋಫಾದಲ್ಲೇ ಕೂತು ಕಾಫಿ ಕುಡಿದೆ. ಕೀ ಗೊಂಚಲು ಕುಲುಕಿ ಮತ್ತೆ ಮೊಳೆಗೆ ನೇತುಹಾಕಿದೆ. ಮನೆಯವರು ನಕ್ಕರು, ನಗಲಿ. ಹತ್ತಾರು ಸಲ ಹೀಗೆ ಮಾಡಿದ ಮೇಲೆ ಅವನು ತಲೆಯೆತ್ತುವುದನ್ನೂ ಬಿಟ್ಟ. ಆಮೇಲೆ ಬಾಗಿಲಾಚೆ 10 ಸೆಕೆಂಡು, ಅರ್ಧ ನಿಮಿಷ, 2 ನಿಮಿಷ. ಗಾಬರಿ ಶುರುವಾಗುವ ಮೊದಲೇ ಒಳಗೆ ಬರಬೇಕು, ಗುಟ್ಟು ಇರುವುದೇ ಅಲ್ಲಿ. ಇದಕ್ಕೆ ವಾರಗಳೇ ಬೇಕು. ಅಲ್ಲಿಯವರೆಗೆ ಪೂರ್ತಿ ದಿನ ಒಂಟಿಯಾಗಿ ಬಿಡದಂತೆ ಅಜ್ಜಿಯನ್ನೋ ಪರಿಚಯದವರನ್ನೋ ಕೇಳಿಕೊಳ್ಳಿ.

ಸಂಜೆ ಬಂದು ಗದರಬೇಡಿ. ‘ತಪ್ಪು ಮಾಡಿದ ಮುಖ ನೋಡಿ’ ಅಂತೀವಲ್ವಾ, ಅದನ್ನು ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಬೇಡವೆಂದ ತಿಂಡಿಯನ್ನು ತಿಂದ ನಾಯಿಯೂ, ತಿನ್ನದ ನಾಯಿಯೂ ಬೈದಾಗ ಅದೇ ಮುಖ ಮಾಡಿದವು. ಅಂದರೆ ಆ ಮುಖ ನಮ್ಮ ಬೈಗುಳಕ್ಕೆ. ಬೊಗಳಿದರೆ ಶಾಕ್ ಕೊಡುವ ಬೆಲ್ಟ್ ಅಂತೂ ಬೇಡವೇ ಬೇಡ, ಹೆದರಿದ ಪ್ರಾಣಿಗೆ ಇನ್ನಷ್ಟು ಹೆದರಿಕೆ.

ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ಅಥವಾ ನಾಯಿಗೆ ವಯಸ್ಸಾಗಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ನೋವು, ಕಿವಿ ಮಂದ, ಮರೆವು ಇವೂ ಬೊಗಳಿಸುತ್ತವೆ. ಗಾಬರಿ ಜಾಸ್ತಿಯಿದ್ದರೆ ಫ್ಲೂಆಕ್ಸೆಟಿನ್‌ನಂಥ ಮಾತ್ರೆಗಳನ್ನು ಅವರೇ ಬರೆದುಕೊಡುತ್ತಾರೆ, ಮೇಲೆ ಹೇಳಿದ ಅಭ್ಯಾಸದ ಜೊತೆಗೆ.

ಎದುರು ಫ್ಲ್ಯಾಟಿನವರ ಹತ್ತಿರ ಒಂದು ಉಪಕಾರ ಕೇಳಿ. ಬೊಗಳಲು ಶುರುಮಾಡಿದ್ದು ಎಷ್ಟು ಹೊತ್ತಿಗೆ, ನಿಲ್ಲಿಸಿದ್ದು ಎಷ್ಟು ಹೊತ್ತಿಗೆ ಅಂತ ವಾರವಿಡೀ ವಾಟ್ಸಾಪ್ ಮಾಡಲಿ. ಡಾಕ್ಟರಿಗೆ ಆ ವಿಡಿಯೊ, ಈ ಮೆಸೇಜ್ ಎರಡನ್ನೂ ತೋರಿಸಿ.