ಒಬ್ಬ ನರ್ಸಿಗೆ ಎಷ್ಟು ಹಾಸಿಗೆ?

1898ರಲ್ಲಿ ಮೈಸೂರಿಗೆ ಪ್ಲೇಗು ನುಗ್ಗಿದಾಗ ಜನ ಮನೆಗೆ ಬೀಗ ಜಡಿದು ಊರಾಚೆ ಗುಡಿಸಲು ಹಾಕಿಕೊಂಡರು. ಆ ಪೆಟ್ಟಿನ ನಂತರ, 1903ರಲ್ಲಿ, ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಬಂತು. ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆಗಳಾದವು. ಊರಿನ ನಕ್ಷೆ ಬದಲಾಯಿತು. ರೋಗಿಯ ಮಗ್ಗುಲಲ್ಲಿ ಕೂರುವವರು ಮಾತ್ರ ಬದಲಾಗಲಿಲ್ಲ. 1906ರಲ್ಲಿ ಮಿಷನ್ ಆಸ್ಪತ್ರೆ ಬಂತು, ಆಮೇಲೆ ಕೆ.ಆರ್. ಆಸ್ಪತ್ರೆ ಬೆಳೆಯಿತು. ಹಾಸಿಗೆ ಪಕ್ಕದ ಸ್ಟೂಲು ಇವತ್ತಿಗೂ ಮನೆಯವರದೇ. ಗಂಜಿ ಕುಡಿಸುವುದು, ಬೆಡ್‌ಪ್ಯಾನ್ ಇಡುವುದು, ಡ್ರಿಪ್ ಮುಗಿಯಿತೆಂದು ಸಿಸ್ಟರನ್ನು ಕೂಗುವುದು ಅವರ ಕೆಲಸ.

ಸರ್ಕಾರಿ ಲೆಕ್ಕವೂ ಈ ಸ್ಟೂಲನ್ನು ನಂಬಿಕೊಂಡೇ ನಿಂತಿದೆ. ಸಾಮಾನ್ಯ ವಾರ್ಡಿನಲ್ಲಿ 6 ಹಾಸಿಗೆಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಂದಕ್ಕೆ ಒಬ್ಬರು, ರಜೆಯ ಭರ್ತಿಗೆ ಮೇಲೆ ಶೇ. 30. ಅಂದರೆ 30 ಹಾಸಿಗೆಯ ವಾರ್ಡಿಗೆ ಶಿಫ್ಟಿಗೆ 5 ಜನ, ಮೂರು ಶಿಫ್ಟಿಗೆ 15, ರಜೆಯವರೂ ಸೇರಿ ಸುಮಾರು 20. ಇಷ್ಟು ಮಂದಿ ಕಾಗದದ ಮೇಲಾದರೂ ಇರಬೇಕು.

2020ರಲ್ಲಿ ನಂಜನಗೂಡಿನ ಕಾರ್ಖಾನೆಯ ಕೋವಿಡ್ ಸೋಂಕಿನಿಂದ ಮೈಸೂರು ಇಡೀ ರಾಜ್ಯದಲ್ಲಿ ಸುದ್ದಿಯಾಯಿತು. ಕೆಆರ್‌ಎಸ್ ರಸ್ತೆಯ ಜಿಲ್ಲಾಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. ಮನೆಯವರಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ. ಸ್ಟೂಲು ಖಾಲಿಯಾದ ದಿನವೇ ಹಳೆಯ ಲೆಕ್ಕ ಬಿದ್ದುಹೋಯಿತು. ಪಿಪಿಇ ಕಿಟ್ ತೊಟ್ಟು 8 ಗಂಟೆ ಇರಲಾಗದು ಎಂದು ಶಿಫ್ಟನ್ನು 6 ಗಂಟೆಗೆ ಇಳಿಸಿದರೆ ದಿನಕ್ಕೆ ನಾಲ್ಕು ಶಿಫ್ಟು, ಅದೇ ವಾರ್ಡಿಗೆ 20 ಜನ, ರಜೆ ಸೇರಿ 26. ಇನ್ನೊಂದು 20 ಜನ ಕ್ವಾರಂಟೈನಿನಲ್ಲಿದ್ದರೆ ರಜೆ ಬಿಟ್ಟೇ 40. ಒತ್ತಡವೆಂದರೆ ಧೈರ್ಯ ಸಾಲದ್ದು ಎಂದು ಯೋಗ, ಕೌನ್ಸೆಲಿಂಗ್ ಏರ್ಪಡಿಸಿದವರು ಡ್ಯೂಟಿ ಪಟ್ಟಿಯನ್ನು ಒಮ್ಮೆ ಕೂಡಿ ನೋಡಬಹುದಿತ್ತು.

ಕಿಟ್ಟಿನೊಳಗೆ ನೀರಿಲ್ಲ, ಶೌಚಾಲಯವಿಲ್ಲ. ಕನ್ನಡಕಕ್ಕೆ ಆವಿ ಕಟ್ಟುತ್ತದೆ. ಎರಡು ಪದರದ ಗ್ಲೌಸಿನಲ್ಲಿ ನರ ಬೆರಳಿಗೆ ಸಿಗುವುದಿಲ್ಲ, ಸೂಜಿ ಎರಡನೇ ಸಲ ಚುಚ್ಚಬೇಕಾಗುತ್ತದೆ. ತೊಡುವುದಕ್ಕಿಂತ ಬಿಚ್ಚುವಾಗಲೇ ಅಪಾಯ ಹೆಚ್ಚು: ಹೊರ ಗ್ಲೌಸು ಮತ್ತು ಗೌನು ಮೊದಲು, ಎನ್95 ಕೊನೆಗೆ, ನಡುನಡುವೆ ಕೈ ತೊಳೆಯಬೇಕು. ಶಿಫ್ಟಿನ ಕೊನೆಯಲ್ಲಿ ಸುಸ್ತಾದ ಕೈ ತಪ್ಪುವುದು ಇಲ್ಲೇ.

ಚಿಕಿತ್ಸೆ ಸುಧಾರಿಸಿದಂತೆ ಕೆಲಸವೂ ಏರಿತು. 2020ರ ಜೂನ್ ನಂತರ ಆಮ್ಲಜನಕ ಬೇಕಾದವರಿಗೆ ದಿನಕ್ಕೆ 6 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಕೊಡುವುದು ರೂಢಿಯಾಯಿತು. ಅದು ಜೀವ ಉಳಿಸಿತು, ಸಕ್ಕರೆಯನ್ನೂ ಏರಿಸಿತು. ಹೀಗಾಗಿ ಮತ್ತೆ ಮತ್ತೆ ಬೆರಳು ಚುಚ್ಚಬೇಕು, ಇನ್ಸುಲಿನ್ ಹೊಂದಿಸಬೇಕು. ವೆಂಟಿಲೇಟರಿನಲ್ಲಿರುವವರನ್ನು ಬೋರಲು ಮಲಗಿಸಲು ನಾಲ್ಕೈದು ಜನ ಬೇಕು, ಒಬ್ಬರಂತೂ ತಲೆ ಮತ್ತು ಟ್ಯೂಬನ್ನು ಹಿಡಿದೇ ಇರಬೇಕು. 7,000 ಲೀಟರ್ ಆಮ್ಲಜನಕದ ಜಂಬೋ ಸಿಲಿಂಡರು ನಿಮಿಷಕ್ಕೆ 15 ಲೀಟರಿನಂತೆ ಏಳೂಮುಕ್ಕಾಲು ಗಂಟೆ ಬರುತ್ತದೆ. ನಿಮಿಷಕ್ಕೆ 60 ಲೀಟರು ಎಳೆಯುವ ಯಂತ್ರಕ್ಕೆ ಹಾಕಿದರೆ ಎರಡು ಗಂಟೆಯೂ ಇಲ್ಲ. 2021ರ ಮೇ ತಿಂಗಳಲ್ಲಿ ಪಕ್ಕದ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತ ಮೇಲೆ ಈ ಭಾಗಾಕಾರ ಜನಸಾಮಾನ್ಯರಿಗೂ ಅರ್ಥವಾಯಿತು.

ಸಂಖ್ಯೆಗೂ ಸಾವಿಗೂ ನಂಟಿದೆ ಎಂಬುದು ಹೊಸ ಮಾತೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿದ 2002ರ ಅಧ್ಯಯನ, ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ 30 ದಿನದೊಳಗಿನ ಸಾವಿನ ಸಂಭವ ಶೇ. 7ರಷ್ಟು, ನರ್ಸ್ ಬಸವಳಿಯುವ ಸಂಭವ ಶೇ. 23ರಷ್ಟು, ಕೆಲಸದ ಬಗೆಗಿನ ಅತೃಪ್ತಿ ಶೇ. 15ರಷ್ಟು ಏರುವುದನ್ನು ಕಂಡಿತ್ತು. ಮೂರೂ ಒಟ್ಟಿಗೇ ಏರುತ್ತವೆ.

2020ರ ಮಾರ್ಚ್ 22ರಂದು ಚಪ್ಪಾಳೆ ಬಿತ್ತು. ಒಂದು ತಿಂಗಳಾದ ಮೇಲೆ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿದರೆ 3 ತಿಂಗಳಿಂದ 5 ವರ್ಷದವರೆಗೆ ಜೈಲು ಎಂದರು. ಸಂಬಳದ ಮಾತು ಮಾತ್ರ 2016ರಲ್ಲೇ ನಿಂತಿದೆ: 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು ಎಂದು ಸುಪ್ರೀಂ ಕೋರ್ಟ್ ಆದೇಶದಂತೆ ರಚನೆಯಾದ ಸಮಿತಿ ಶಿಫಾರಸು ಮಾಡಿತ್ತು. ಶಿಫಾರಸು, ಅಷ್ಟೇ.

ಕೈ ಸಾಲದಾದಾಗ ಮೊದಲು ಬಿಟ್ಟುಹೋಗುವುದು ಇಂಜೆಕ್ಷನ್ ಅಲ್ಲ. ಬಾಯಿ ಸ್ವಚ್ಛಗೊಳಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಎಷ್ಟು ಕುಡಿದರು ಎಷ್ಟು ಮೂತ್ರ ಹೋಯಿತು ಎಂದು ಬರೆಯುವುದು. ವಾರ್ಡಿನ ಸ್ಥಿತಿ ತಿಳಿಯಬೇಕೆಂದರೆ ಬೆಳಗಿನ ಹ್ಯಾಂಡ್‌ಓವರಿನಲ್ಲಿ ಆ ಚಾರ್ಟಿನ ರಾತ್ರಿ 2ರಿಂದ 6ರ ಸಾಲುಗಳನ್ನು ನೋಡಿದರೆ ಸಾಕು.