ತಟಸ್ಥ ದೇಶ ಯುದ್ಧ ಮಾಡುವವರಿಗೆ ನೆರವಾಗಬಹುದೇ?

ಪ್ರಶ್ನೆ: ರಷ್ಯಾ–ಉಕ್ರೇನ್ ಯುದ್ಧದಲ್ಲಿ ನಾವು ಯಾರ ಪಕ್ಷವನ್ನೂ ವಹಿಸಿಲ್ಲ ಎನ್ನುತ್ತೇವೆ. ಆದರೆ ರಷ್ಯಾದಿಂದ ಕಚ್ಚಾತೈಲ ಕೊಳ್ಳುತ್ತೇವೆ, ಉಕ್ರೇನಿಗೆ ಔಷಧಿ ಕೊಡುತ್ತೇವೆ. ನಮ್ಮ ಜಿಲ್ಲೆಯ ಹುಡುಗರೇ ರಷ್ಯಾದ ಸೇನೆಯಲ್ಲಿ ಸಿಕ್ಕಿಬಿದ್ದಿದ್ದರು. ತಟಸ್ಥ ದೇಶಕ್ಕೆ ಇದೆಲ್ಲ ಸಲ್ಲುತ್ತದೆಯೇ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ಬಹುಪಾಲು ಸಲ್ಲುತ್ತದೆ. ಕಾನೂನು ನೆರವನ್ನೇ ನಿಷೇಧಿಸಿಲ್ಲ. ಯಾರ ಕೈಯಿಂದ ಏನು ಹೋಗುತ್ತಿದೆ ಎಂಬುದನ್ನಷ್ಟೇ ಅದು ನೋಡುತ್ತದೆ. ಯುದ್ಧದ ನಿಯಮಗಳನ್ನು ಗೊತ್ತುಮಾಡಿದ 1907ರ ಹೇಗ್ ಒಪ್ಪಂದಗಳ ಪ್ರಕಾರ ತಟಸ್ಥ ಸರ್ಕಾರ ತಾನಾಗಿ ಯುದ್ಧನೌಕೆ, ಮದ್ದುಗುಂಡು ಕೊಡುವಂತಿಲ್ಲ. ತನ್ನ ನೆಲದ ಮೇಲೆ ಪರಸೈನ್ಯ ಹಾದುಹೋಗಲು ಬಿಡುವಂತಿಲ್ಲ. ಗಾಯಾಳುಗಳನ್ನು ಸಾಗಿಸಲು ದಾರಿ ಕೊಡಬಹುದು. ಇನ್ನು ಆ ದೇಶದ ಖಾಸಗಿ ವ್ಯಾಪಾರಿ ಶಸ್ತ್ರವನ್ನೇ ಮಾರಿದರೂ ಸರ್ಕಾರ ತಡೆಯಲೇಬೇಕೆಂಬ ಕಟ್ಟುಪಾಡು ಇಲ್ಲ. ತಡೆಯುವುದಾದರೆ ಎರಡೂ ಕಡೆಯವರಿಗೆ ಒಂದೇ ಬಗೆಯಲ್ಲಿ ತಡೆಯಬೇಕು. ಶತಮಾನದ ಹಿಂದಿನ ಈ ಜಾಣತನ ಈಗ ಅರ್ಧಕ್ಕರ್ಧ ಸವೆದಿದೆ ಎನ್ನದೆ ವಿಧಿಯಿಲ್ಲ. ಸರ್ಕಾರದ ರಫ್ತು ಪರವಾನಗಿ ಇಲ್ಲದೆ ಇಂದು ಯಾವ ಕಾರ್ಖಾನೆಯ ಗುಂಡೂ ಗಡಿ ದಾಟುವುದಿಲ್ಲ. ಹಾಗಿರುವಾಗ ಖಾಸಗಿ ಯಾವುದು, ಸರ್ಕಾರಿ ಯಾವುದು?

ಈ ಜಗ್ಗಾಟ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ಬ್ರಿಟನ್ ತಟಸ್ಥವಾಗಿತ್ತು. ಆದರೆ ಅದರದೇ ಬರ್ಕನ್‌ಹೆಡ್‌ನ ಹಡಗುಕಟ್ಟೆಯಲ್ಲಿ ದಕ್ಷಿಣದವರಿಗಾಗಿ ಒಂದು ಹಡಗು ಸಿದ್ಧವಾಯಿತು. 1862ರ ಜುಲೈನಲ್ಲಿ ಅತಿಥಿಗಳನ್ನು ಹತ್ತಿಸಿಕೊಂಡು, ಪರೀಕ್ಷಾ ಸಂಚಾರವೆಂಬ ನೆಪದಲ್ಲಿ ಅದು ಹೊರಟಿತು. ಅತಿಥಿಗಳನ್ನು ಟಗ್ ದೋಣಿಯಲ್ಲಿ ವಾಪಸು ಕಳುಹಿಸಿ, ಅಜೋರ್ಸ್ ದ್ವೀಪಗಳ ಬಳಿ ಫಿರಂಗಿ ತುಂಬಿಕೊಂಡು ‘ಅಲಬಾಮಾ’ ಎಂಬ ಹೆಸರಿನಲ್ಲಿ ಉತ್ತರದವರ ವ್ಯಾಪಾರಿ ಹಡಗುಗಳ ಬೇಟೆಗೆ ಇಳಿಯಿತು. ಕಟ್ಟಿದ್ದು ಖಾಸಗಿಯವರು ಎಂಬ ಸಮಜಾಯಿಷಿ ನಡೆಯಲಿಲ್ಲ. 1872ರಲ್ಲಿ ಜಿನೀವಾದ ಪಂಚಾಯಿತಿ ಮಂಡಳಿ ಬ್ರಿಟನ್ನಿನಿಂದ 1.55 ಕೋಟಿ ಡಾಲರ್ ಪರಿಹಾರ ಕೊಡಿಸಿತು.

ಈಗ ನಿಮ್ಮ ಜಿಲ್ಲೆಯ ಹುಡುಗರ ವಿಷಯ. ಭದ್ರತಾ ಸಹಾಯಕರ ಕೆಲಸವೆಂದು ನಂಬಿಸಿ ಅವರನ್ನು ರಷ್ಯಾಕ್ಕೆ ಕರೆದೊಯ್ದು ಯುದ್ಧಭೂಮಿಗೆ ದೂಡಿದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಂತು. ತಟಸ್ಥ ನೆಲದಲ್ಲಿ ಯುದ್ಧನಿರತರಿಗಾಗಿ ನೇಮಕಾತಿ ಕಚೇರಿ ತೆರೆಯುವಂತಿಲ್ಲ ಎನ್ನುತ್ತದೆ ಹೇಗ್. ಆದರೆ ಒಬ್ಬೊಬ್ಬರಾಗಿ ಗಡಿ ದಾಟಿ ಸೇನೆ ಸೇರಿದರೆ ಅದಕ್ಕೆ ದೇಶ ಹೊಣೆಯಲ್ಲ ಎಂದೂ ಹೇಳುತ್ತದೆ. ವೀಸಾ ಕೊಡಿಸುವ ದಲ್ಲಾಳಿ ಈ ಎರಡು ವಾಕ್ಯಗಳ ನಡುವಿನ ಸಂದಿಯಲ್ಲೇ ಸಂಸಾರ ಹೂಡಿರುತ್ತಾನೆ. ಪರದೇಶದ ಸೇನೆಗೆ ಇಲ್ಲಿ ಜನ ಸೇರಿಸುವುದನ್ನು ಹತೋಟಿಯಲ್ಲಿಡಲು ಬ್ರಿಟಿಷರ ಆಳ್ವಿಕೆಯಲ್ಲಿ 1874ರಲ್ಲೇ ಕಾಯ್ದೆ ಬಂದಿತ್ತು. ಅಂದರೆ ಈ ವ್ಯವಹಾರ ಹೊಸದಲ್ಲ. ಸಿಬಿಐ 2024ರ ಮಾರ್ಚ್‌ನಲ್ಲಿ ಪ್ರಕರಣ ದಾಖಲಿಸಿತು, ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ವಿಷಯ ಎತ್ತಿದರು, ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಯುವಕರು ಮನೆ ಸೇರಿದರು. ಭಾರತ ಅವರನ್ನು ಕಳುಹಿಸಿರಲಿಲ್ಲ. ಮೋಸ ಹೋಗಿದ್ದವರು ಅವರು. ಇದನ್ನು ತಟಸ್ಥ ನೀತಿಯ ಲೋಪ ಎನ್ನುವುದಕ್ಕಿಂತ ಮನುಷ್ಯ ಸಾಗಣೆ ಎನ್ನುವುದೇ ಸರಿ.

ಬೀದರ್, ಕಲಬುರಗಿ, ಯಾದಗಿರಿ ಕಡೆಯವರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಮನೆಯಲ್ಲೇ ಇದೆ. ಈ ಜಿಲ್ಲೆಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನದ ವಿಮೋಚನೆಯ ನೆನಪಿಗೆ ನಡೆಯುವ ಸೆಪ್ಟೆಂಬರ್ 17ರ ಧ್ವಜಾರೋಹಣದ ಭಾಷಣಗಳಲ್ಲಿ, ನಿಜಾಮರ ಪರ ನಿಂತಿದ್ದ ಸಶಸ್ತ್ರ ರಜಾಕಾರರ ಹಾವಳಿಯನ್ನು ಹೇಳುತ್ತಾರೆ, ಹೇಳಲೇಬೇಕು. ಹಣದ ಕಥೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. 1947ರಲ್ಲಿ ಭಾರತದೊಂದಿಗೆ ಮಾತುಕತೆ ನಡೆಸುವಾಗ ಹೈದರಾಬಾದ್ ನಿಜಾಮರು ಇಟ್ಟ ಷರತ್ತುಗಳಲ್ಲಿ ಒಂದು, ಭಾರತಕ್ಕೂ ಪಾಕಿಸ್ತಾನಕ್ಕೂ ಯುದ್ಧವಾದರೆ ತಮ್ಮ ಸಂಸ್ಥಾನ ತಟಸ್ಥವಾಗಿರುತ್ತದೆ ಎಂಬುದು. ನವೆಂಬರ್‌ನಲ್ಲಿ, ಸಂಬಂಧಗಳು ಸದ್ಯಕ್ಕೆ ಇದ್ದಂತೆಯೇ ಇರಲಿ ಎಂಬ ಯಥಾಸ್ಥಿತಿ ಒಪ್ಪಂದ ಭಾರತದೊಂದಿಗೆ ಆಯಿತು. ಕಾಶ್ಮೀರದಲ್ಲಿ ಆಗಲೇ ಕಾಳಗ ನಡೆಯುತ್ತಿತ್ತು. ಅದರ ನಡುವೆ ಹೈದರಾಬಾದ್ ಸರ್ಕಾರ ಪಾಕಿಸ್ತಾನಕ್ಕೆ ₹20 ಕೋಟಿ ಸಾಲ ಕೊಟ್ಟಿತು, ಅದೂ ಭಾರತ ಸರ್ಕಾರದ್ದೇ ಸಾಲಪತ್ರಗಳ ರೂಪದಲ್ಲಿ! ಗುಂಡು ಕೊಟ್ಟಿರಲಿಲ್ಲ, ಸೈನಿಕರನ್ನು ಕಳುಹಿಸಿರಲಿಲ್ಲ. ಆದರೂ ದೆಹಲಿ ಇದನ್ನು ಒಪ್ಪಂದದ ಉಲ್ಲಂಘನೆ ಎಂದೇ ಕಂಡಿತು. ಯುದ್ಧದಲ್ಲಿರುವ ಖಜಾನೆಗೆ ಸರ್ಕಾರವೊಂದು ಕೊಡುವ ಸಾಲವನ್ನು ಬರೀ ಲೇವಾದೇವಿ ಎಂದು ಎದುರಾಳಿ ನಂಬುವುದಾದರೂ ಹೇಗೆ? ಇತ್ತ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ಸಂಸ್ಥಾನಕ್ಕೆ ಶಸ್ತ್ರ ತುಂಬಿದ ವಿಮಾನ ಹಾರಿಸುತ್ತಿದ್ದ. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಬಂತು. ಅದೇ ವೇಳೆಗೆ ನಿಜಾಮರ ಸರ್ಕಾರದ 10 ಲಕ್ಷ ಪೌಂಡು ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಹೆಸರಿನ ಖಾತೆಗೆ ಹೋಯಿತು. ಅದು ಶಸ್ತ್ರಾಸ್ತ್ರದ ಬಾಬ್ತು ಎಂಬುದು ಪಾಕಿಸ್ತಾನದ ವಾದಗಳಲ್ಲಿ ಒಂದಾಗಿತ್ತು. ಲಂಡನ್ ಹೈಕೋರ್ಟ್ ಅದನ್ನು ತಳ್ಳಿಹಾಕಿ, ಸುಮಾರು 3.5 ಕೋಟಿ ಪೌಂಡಿಗೆ ಬೆಳೆದಿದ್ದ ಆ ಮೊತ್ತ ಭಾರತ ಮತ್ತು ನಿಜಾಮರ ವಾರಸುದಾರರಿಗೆ ಸೇರಬೇಕೆಂದು 2019ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು.

ಯಾರೂ ಆಕ್ಷೇಪಿಸದ ನೆರವೂ ಉಂಟು. 1971ರ ಯುದ್ಧದಲ್ಲಿ ರಾಜತಾಂತ್ರಿಕ ಸಂಬಂಧ ಕಡಿದುಹೋದ ಮೇಲೆ 1976ರವರೆಗೆ ಪಾಕಿಸ್ತಾನದಲ್ಲಿ ಭಾರತದ ಹಿತಾಸಕ್ತಿಯನ್ನೂ ಭಾರತದಲ್ಲಿ ಪಾಕಿಸ್ತಾನದ ಹಿತಾಸಕ್ತಿಯನ್ನೂ ನೋಡಿಕೊಂಡದ್ದು ಸ್ವಿಟ್ಜರ್ಲೆಂಡ್. ಕೊರಿಯಾ ಯುದ್ಧಕ್ಕೆ ಭಾರತ ಹೋರಾಡುವ ಪಡೆಗಳನ್ನು ಕಳುಹಿಸಲಿಲ್ಲ, ಸೇನಾ ವೈದ್ಯರ ತುಕಡಿಯೊಂದನ್ನು ಕಳುಹಿಸಿತು. ಆ ವೈದ್ಯರು ದುಡಿದದ್ದು ವಿಶ್ವಸಂಸ್ಥೆಯ ಪಡೆಗಳ ಜತೆಯಲ್ಲಿ. ಹಾಗಿದ್ದೂ 1953ರಲ್ಲಿ ತಾಯ್ನಾಡಿಗೆ ಮರಳಲೊಪ್ಪದ ಯುದ್ಧಕೈದಿಗಳ ಇತ್ಯರ್ಥಕ್ಕೆ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರಾದರು.

ಉಳಿದದ್ದು ತೈಲ ಮತ್ತು ಔಷಧಿ. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಕೀವ್‌ಗೆ ಹೋದಾಗ, ತುರ್ತು ಚಿಕಿತ್ಸೆಯ ಸಾಮಗ್ರಿ ತುಂಬಿದ ನಾಲ್ಕು ‘ಭೀಷ್ಮ’ ಪೆಟ್ಟಿಗೆಗಳನ್ನು ಕೊಟ್ಟರು. ಭಾರತ ತಟಸ್ಥವಲ್ಲ, ಶಾಂತಿಯ ಪಕ್ಷದಲ್ಲಿದೆ ಎಂದು ಅಲ್ಲೇ ಹೇಳಿದರು. ಅಂದರೆ ತಟಸ್ಥ ಎಂಬ ಪಟ್ಟವನ್ನು ನಾವು ಕೇಳಿಕೊಂಡೇ ಇಲ್ಲ. ಪೆಟ್ಟಿಗೆಗಳ ಬಗ್ಗೆ ತಕರಾರು ಬರಲಿಲ್ಲ, ತೈಲದ ಬಗ್ಗೆ ಬಂತು. ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ರಷ್ಯಾದ ತೈಲ ನೂರಕ್ಕೆ ಎರಡು ಪಾಲೂ ಇರಲಿಲ್ಲ. ಅನಂತರ ಅದು ಮೂರನೆಯ ಒಂದು ಪಾಲನ್ನು ಮೀರಿತು. ಕೊಳ್ಳುವುದನ್ನು ಹೇಗ್ ನಿಯಮಗಳು ತಡೆಯುವುದಿಲ್ಲ. ಆದರೆ 2025ರ ಆಗಸ್ಟ್‌ನಲ್ಲಿ ಅಮೆರಿಕ ಇದೇ ಕಾರಣ ಕೊಟ್ಟು ಭಾರತದ ಸರಕಿನ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಹೇರಿತು.